ಥಾನಿನ ಕೊನೆಯ ಗಜ

ನಮ್ಮ ಅಂಗಡಿಯಲ್ಲಿ ಪ್ರಾರ್ಥನೆ ಮುಗಿಯದೆ ಕತ್ತರಿ ಬಟ್ಟೆ ಮುಟ್ಟುವಂತಿಲ್ಲ. ಮಾಲಕಿ ನನಗಿಂತ ಎಂಟು ವರ್ಷ ಚಿಕ್ಕವರು, ಆದರೂ ಎಲ್ಲರಿಗೂ ಅಕ್ಕ. ಯೇಸುವಿನ ಮೇಲೆ ಭಾರ ಹಾಕಿ ಹೊಲಿಗೆ ಅಂಗಡಿ ನಡೆಸುವವರು. ನಾನು ಅಲ್ಲಿನ ಕಟಿಂಗ್ ಮಾಸ್ಟರ್, ಭಾರ ಹಾಕುವುದಿದ್ದರೆ ಕತ್ತರಿಯ ಮೇಲೆ ಮಾತ್ರ. ಉಳಿದವರು ಕಣ್ಣು ಮುಚ್ಚಿದಾಗ ನಾನು ಕಿಟಕಿಯ ಬಿಸಿಲಿನಲ್ಲಿ ತೇಲುವ ನೂಲಿನ ಧೂಳನ್ನು ನೋಡುತ್ತ ನಿಂತಿರುತ್ತೇನೆ. ಎಷ್ಟು ಹೊತ್ತು ಕಾದರೂ ಅದು ಕೆಳಗೆ ಬೀಳುವುದಿಲ್ಲ. ನೋಡುತ್ತ ನೋಡುತ್ತ ನನಗೇ ಜೊಂಪು ಹತ್ತುತ್ತದೆ.

ಅಕ್ಕನದೊಂದು ನಿಯಮವಿತ್ತು. ಹೊಲ ಕೊಯ್ಯುವವನು ಅಂಚಿನ ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಅವರ ದೇವರು ಬಹಳ ಹಿಂದೆಯೇ ಹೇಳಿದ್ದನಂತೆ. ನಮಗೆ ಹೊಲವಿಲ್ಲ, ಬಟ್ಟೆಯ ಥಾನಿದೆಯಲ್ಲ ಎಂದು ಅಕ್ಕ ಪ್ರತಿ ಥಾನಿನ ಕೊನೆಯ ಒಂದು ಗಜವನ್ನು ಬಿಡಿಸುತ್ತಿದ್ದರು. ಆ ತುದಿಗಳೆಲ್ಲ ಒಂದು ಬೆತ್ತದ ಬುಟ್ಟಿ ಸೇರಿ ಶುಕ್ರವಾರ ಹನ್ನೊಂದಕ್ಕೆ ಹಿಂಬಾಗಿಲ ಹೊರಗೆ ಹೋಗುತ್ತಿದ್ದವು. ಬೇಕಾದವರು ಸಾಲಿನಲ್ಲಿ ಬಂದು ತಲೆಗೊಂದು ತೆಗೆದುಕೊಳ್ಳಬಹುದು. ಯಾಕೆ, ಏನು ಎಂದು ಯಾರೂ ಕೇಳುವಂತಿಲ್ಲ. ಒಳ್ಳೇ ಬಟ್ಟೆ ಬೀದಿಪಾಲಾಗುವುದನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಾಲಿನ ಮುಂದೆ ಯಾವಾಗಲೂ ಒಬ್ಬ ಹೆಂಗಸು. ಹೊಸಿಲ ಹತ್ತಿರ ಬಿದ್ದ ಗುಂಡಿಗಳನ್ನೂ ಅವಳು ಬಿಡುತ್ತಿರಲಿಲ್ಲ. ಅವಳಿಗೆ ಗುಂಡಿಯಮ್ಮ ಎಂದು ಹೆಸರಿಟ್ಟು ಅಂಗಡಿಯವರನ್ನೆಲ್ಲ ನಗಿಸಿದವನು ನಾನೇ.

ಆ ವಾರ ಹಾಡುಗಾರರ ತಂಡವೊಂದಕ್ಕೆ ಹನ್ನೆರಡು ಮಖಮಲ್ಲಿನ ಕೋಟು ಹೊಲಿಯುವುದಿತ್ತು. ಕಡುನೀಲಿ ಬಣ್ಣ. ಶನಿವಾರ ಸಂಜೆ ಅವನ್ನು ತೊಟ್ಟೇ ಅವರು ವೇದಿಕೆ ಹತ್ತಬೇಕು. ಥಾನು ಬಂದ ದಿನ ಅಕ್ಕ ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು, ತಾವೇ ಒಂದು ಗಜ ಅಳೆದು ಕತ್ತರಿಸಿ ಬುಟ್ಟಿಗೆ ಹಾಕಿದರು. ಉಳಿದದ್ದು ಹನ್ನೆರಡು ಕೋಟುಗಳಿಗೆ ಸರಿಯಾಗಿ ಸಾಕು, ಒಂದು ಬೆರಳೂ ಹೆಚ್ಚಿಲ್ಲ. ಎರಡು ದಿನ ನಾನು ಅವರಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ಮಖಮಲ್ಲಿಗೆ ಒಂದು ದಿಕ್ಕಿದೆ. ಒಂದು ಕಡೆ ಸವರಿದರೆ ನುಣುಪು, ಎದುರು ಸವರಿದರೆ ಒರಟು. ತಲೆಕೆಳಗಾಗಿ ಕತ್ತರಿಸಿದರೆ ಅದೇ ಬಟ್ಟೆ ಬೆಳಕಿನಲ್ಲಿ ಬೇರೆಯೇ ಬಣ್ಣ ತೋರಿಸುತ್ತದೆ. ಕೆಲಸಕ್ಕೆ ಸೇರಿದ ಹೊಸಬರಿಗೆ ನಾನು ಮೊದಲ ದಿನ ಹೇಳಿಕೊಡುವುದೇ ಇದನ್ನು.

ಶುಕ್ರವಾರ ಬೆಳಿಗ್ಗೆ ಕೊನೆಯ ಕೋಟಿನ ತೋಳುಗಳಷ್ಟೇ ಬಾಕಿ. ಬಟ್ಟೆ ಹಾಸಿ ಅಂಗೈಯಿಂದ ಸವರಿದೆ. ಬಿಸಿಲು, ಧೂಳು, ಹೊಲಿಗೆ ಯಂತ್ರಗಳ ಒಂದೇ ಸಮನೆ ಸದ್ದು. ಮೇಜು ಉದ್ದವಾಗುತ್ತಾ ಹೋಯಿತು. ನೀಲಿ ಬೆಳೆ ಮೊಣಕಾಲಿನವರೆಗೆ ಬೆಳೆದು ನಿಂತಿತ್ತು, ನಾನು ಕೊಯ್ಯುತ್ತ ನಡೆದೆ. ಹಿಂದೆ ಯಾರೋ ಬರಿಗಾಲಲ್ಲಿ ಮೆಲ್ಲಗೆ ಬರುತ್ತಿದ್ದರು. ಅವರಿಗೆ ಒಂದು ತೆನೆಯೂ ಸಿಗಬಾರದೆಂದು ಅಂಚಿನ ತನಕ ಕೊಯ್ದೆ, ಅಂಚು ದಾಟಿಯೂ ಕೊಯ್ದೆ. ತಿರುಗಿ ನೋಡಿದರೆ ಹೊಲವೆಲ್ಲ ಬೋಳು, ಯಾರೂ ಇಲ್ಲ. ಎಚ್ಚರವಾದಾಗ ಎರಡೂ ತೋಳುಗಳು ತಲೆಕೆಳಗಾಗಿ ಕತ್ತರಿಸಿಹೋಗಿದ್ದವು.

ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಕೈಯಿಂದ ಒಂದು ಕಾಲರ್ ಪಟ್ಟಿಯೂ ಹಾಳಾಗಿರಲಿಲ್ಲ. ಬಟ್ಟೆ ಅಂಗಡಿಗಳಿಗೆಲ್ಲ ಫೋನು ಮಾಡಿದೆ. ಆ ಬಣ್ಣ ಇನ್ನು ಎರಡು ತಿಂಗಳು ಬರುವುದಿಲ್ಲವಂತೆ. ಕೊನೆಗೆ ನಾಚಿಕೆ ಬಿಟ್ಟು ಅಕ್ಕನ ಮುಂದೆ ನಿಂತೆ, ಬುಟ್ಟಿಯಲ್ಲಿರುವ ಗಜ ಕೊಟ್ಟರೆ ನನ್ನ ಮರ್ಯಾದೆಯೂ ಅಂಗಡಿಯ ಮಾತೂ ಉಳಿಯುತ್ತದೆ ಎಂದೆ.

ಅಕ್ಕ ತೋಳುಗಳನ್ನು ತಿರುಗಿಸಿ ನೋಡಿದರು. ಸಿಟ್ಟಾಗಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅದು ಅಂಗಡಿದಲ್ಲ ಮಾಸ್ಟ್ರೇ. ಬುಟ್ಟಿಗೆ ಹಾಕಿದ ಮೇಲೆ ನಾನು ಮುಟ್ಟೋ ಹಾಗಿಲ್ಲ" ಎಂದರು. ಹಿಂಬಾಗಿಲ ಕಡೆ ಕೈ ತೋರಿಸಿ, "ಬೇಕು ಅನ್ನೋರು ಯಾರು ಬೇಕಾದ್ರೂ ತಗೋಬಹುದು. ಹಿಂದ್ಗಡೆ ಸಾಲಿದೆ" ಎಂದರು. ಬಟ್ಟೆ ಸಿಗದಿದ್ದರೆ ತಂಡದವರ ಹತ್ತಿರ ತಾವೇ ಹೋಗಿ, ಒಂದು ಕೋಟು ಕಮ್ಮಿ, ತಪ್ಪು ನಮ್ಮದು ಎಂದು ಹೇಳುವುದಾಗಿಯೂ ತಿಳಿಸಿದರು.

ಕೊರಳಿನ ಟೇಪು ತೆಗೆದು ಜೇಬಿಗೆ ಹಾಕಿಕೊಂಡು ಹಿಂದಿನ ಓಣಿಗೆ ಹೋದೆ. ಸಾಲಿನಲ್ಲಿ ನಾನು ಒಂಬತ್ತನೆಯವನು. ಯಾರೂ ನನ್ನನ್ನು ವಿಚಿತ್ರವಾಗಿ ನೋಡಲಿಲ್ಲ. ನನ್ನ ಮುಂದಿದ್ದ ಮುದುಕ ಸ್ವಲ್ಪ ಸರಿದು ನೆರಳಿಗೆ ಜಾಗ ಮಾಡಿಕೊಟ್ಟ. ಎಲ್ಲೋ ಕನಸಿನ ಮುಂದಿನ ಭಾಗದಲ್ಲಿ ನಿಂತಂತಿತ್ತು. ಬಾಗಿಲು ತೆರೆಯಿತು, ಬುಟ್ಟಿ ಬಂತು. ಗುಂಡಿಯಮ್ಮ ಬಗ್ಗಿ ಮೊದಲು ಎತ್ತಿಕೊಂಡದ್ದೇ ನೀಲಿ ಮಖಮಲ್ಲು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅವಳು ಬಟ್ಟೆಯನ್ನು ಎದೆಗೊತ್ತಿಕೊಂಡು ನನ್ನ ಪಕ್ಕ ಹಾದುಹೋಗುತ್ತ, ನನ್ನ ಮುಖ ನೋಡಿ ನಿಂತಳು. ನಿಮಗೆ ಇದು ಬೇಕಿತ್ತಾ ಎಂದು ಕೇಳಿದಳು.

"ಬೇಕಿತ್ತಮ್ಮಾ" ಎಂದೆ. "ಕೋಟಿನ ತೋಳು ತಪ್ಪಾಗಿ ಕತ್ತರಿಸಿಬಿಟ್ಟೆ."

ಅವಳು ಹೆಚ್ಚೇನೂ ಕೇಳದೆ ಅದನ್ನು ಮಡಚಿ ನನ್ನ ಕೈಯಲ್ಲಿಟ್ಟಳು. ಮೊಮ್ಮಗಳಿಗೊಂದು ಅಂಗಿ ಆಗುತ್ತಿತ್ತಂತೆ. ಪರವಾಗಿಲ್ಲ, ಮುಂದೆ ಯಾವಾಗಲಾದರೂ ಆದೀತು ಎಂದಳು.

"ಒಂದು ವರ್ಷದಿಂದ ಬರೀ ಚೂರುಗಳೇ ಬರ್ತಿದ್ವು ಅಣ್ಣಾ, ಅಂಗಿಗೆ ಸಾಲ್ತಿರಲಿಲ್ಲ. ಪಾಪ, ಅಂಗಡೀಲಿ ಏನೋ ಕಷ್ಟ ಇರಬೇಕು ಅಂತ ನಿಮಗೋಸ್ಕರ ದಿನಾ ಬೇಡ್ಕೊಳ್ತಿದ್ದೆ."

ಅಂಗಡಿಯಲ್ಲಿ ಯಾವ ಕಷ್ಟವೂ ಇರಲಿಲ್ಲ. ಯಾರೂ ಹೇಳದೆ, ಅಕ್ಕನ ಕಣ್ಣು ತಪ್ಪಿಸಿ, ಗಜವನ್ನು ಮೊಳ ಮಾಡಿದವನು, ಮೊಳವನ್ನು ಗೇಣು ಮಾಡಿದವನು ನಾನು. ಉಳಿಸಿದೆನೆಂದು ಒಳಗೊಳಗೇ ಬೀಗಿದವನೂ ನಾನು. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಆಗಿರಲಿಲ್ಲ.

"ಬಟ್ಟೆ ಕಮ್ಮಿ ಇರಲಿಲ್ಲಮ್ಮಾ" ಎಂದೆ. "ನಿಮ್ಮ ಪಾಲನ್ನ ನಾನೇ ಕತ್ತರಿಸ್ತಿದ್ದೆ."

ಅವಳು ನನ್ನನ್ನೇ ನೋಡಿದಳು. ಮಖಮಲ್ಲನ್ನು ಕಿತ್ತುಕೊಳ್ಳುತ್ತಾಳೆಂದು ನಾನು ಕೈ ಸಡಿಲ ಬಿಟ್ಟೆ. ಅವಳು ಕಿತ್ತುಕೊಳ್ಳಲಿಲ್ಲ.

"ಹೋಗಿ ಅಣ್ಣಾ, ನಿಮ್ಮ ಕೋಟು ತಡ ಆಗುತ್ತೆ" ಎಂದು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತುಕೊಂಡಳು.