ಮೂರನೆಯ ತಟ್ಟು

ತಲೆಯ ಮೇಲೆ ಹಾಕಿಕೊಳ್ಳುವ ಹಳೆಯ ಹೆಡ್‌ಫೋನಿಗೆ ಆರುನೂರೈವತ್ತು ಕೊಟ್ಟಿದ್ದೆ. ನಾಲ್ಕು ವರ್ಷ ಬಾಳಿತು. ಅದರ ಸ್ಪಂಜು ಉದುರಿ ಕೂದಲಿಗೆ ಅಂಟತೊಡಗಿದ ಮೇಲೆ ಕಿವಿಯೊಳಗೆ ತೂರಿಸುವ ಹೊಸದನ್ನು ನಾರಾಯಣಪೇಟೆಯಿಂದ ತಂದೆ. ಅದಕ್ಕೆ ಸಾವಿರದ ನೂರು, ಬಸ್ಸಿಗೆ ಅರವತ್ತು, ಜೊತೆಗೆ ಒಂದು ಮಧ್ಯಾಹ್ನದ ವ್ಯಾಪಾರ ಹೋಯಿತು. ಅಷ್ಟು ಖರ್ಚಿನಲ್ಲಿ ಒಬ್ಬನ ಮೇಲಿನ ಸೇಡು ತೀರಿತು. ಅಗ್ಗವಾಯಿತೆಂದು ಆಗ ಅನಿಸಿತ್ತು.

ತೆಲಂಗಾಣದ ಮಕ್ತಲ್ ಬಸ್ ನಿಲ್ದಾಣದ ಎದುರು ನನ್ನದೊಂದು ಡಬ್ಬಾ ಅಂಗಡಿ ಇದೆ. ರೀಚಾರ್ಜ್ ಮಾಡುತ್ತೇನೆ, ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುತ್ತೇನೆ. ಕುರಿ ಕಾಯುವವರು, ಕೂಲಿಗೆ ಪಟ್ಟಣಕ್ಕೆ ಹೊರಟ ದಾಮರಗಿದ್ದ ಊರಿನವರು ಬೀರಪ್ಪನ ಡೊಳ್ಳಿನ ಪದ ಕೇಳುತ್ತಾರೆ. ಹಾಡು ಸರಿಯಾಗಿ ಕೂತಿದೆಯೇ ಎಂದು ನಾನೇ ಕೇಳಿ ನೋಡದೆ ಯಾರಿಗೂ ಕಾರ್ಡು ಕೊಡುವವಳಲ್ಲ.

ಹೊಸದು ಮೊದಲ ದಿನವೇ ಬೇಸರ ತರಿಸಿತು. ಹಳೆಯದರಲ್ಲಿ ಎದೆಗೆ ಬಂದು ಗುದ್ದುತ್ತಿದ್ದ ಡೊಳ್ಳು ಇದರಲ್ಲಿ ತಗಡಿನ ಡಬ್ಬಿ ಬಡಿದಂತಿತ್ತು. ವಾಪಸು ಕೊಡಲು ಹೋದರೆ ಅಂಗಡಿಯ ಗುರುಲಿಂಗ ತೆಗೆದುಕೊಳ್ಳಲಿಲ್ಲ. ಕಿವಿಗೆ ಸಿಕ್ಕಿಸುವ ರಬ್ಬರು ಸಡಿಲವಾಗಿದೆ ಎಂದು ಒಂದು ಅಳತೆ ದೊಡ್ಡದನ್ನು ಹಾಕಿಕೊಟ್ಟ.

“ಅಕ್ಕಾರ, ಹಳೇದು ಅನ್ನ, ಸಾರು, ಪಲ್ಯ ಎಲ್ಲಾ ಕಲಸಿ ಉಣ್ಣಸ್ತಿತ್ತು. ಇದು ಒಂದೊಂದೂ ಬ್ಯಾರೆ ಬ್ಯಾರೆ ಬಡಸ್ತೈತಿ. ಒಂದು ವಾರ ತಡೀರಿ, ಕಿವಿ ರೂಢಿ ಆಗ್ತಾವ” ಎಂದ.

ರೂಢಿಯಾಗಲು ನಾಲ್ಕೇ ದಿನ ಸಾಕಾಯಿತು. ಐದನೆಯ ದಿನ ಯಾರಿಗೋ ರಜಿತಾಳ ಪದ ತುಂಬುತ್ತಿದ್ದೆ. ರಜಿತಾ ಗದ್ವಾಲಿನಲ್ಲಿ ಹಾಡಿನ ಸ್ಟುಡಿಯೋ ಇಟ್ಟ, ನಮ್ಮ ಕುಲದ ತಿರುಪತಿ ಎಂಬಾತನ ಮಗಳು. ಆ ವರ್ಷ ಅವಳ ಹಾಡಿಲ್ಲದ ಕಾರ್ಡು ನನ್ನ ಅಂಗಡಿಯಿಂದ ಹೋಗುತ್ತಿರಲಿಲ್ಲ. ಎಲ್ಲರೂ ಮೆಚ್ಚಿದ್ದು ಅವಳ ದಪ್ಪ ದನಿಯನ್ನು. ಹೊಸ ಹೆಡ್‌ಫೋನಿನಲ್ಲಿ ಆ ದಪ್ಪ ದನಿ ಎರಡಾಗಿ ಸೀಳಿತು. ಮೇಲೆ ಎಳೆಯ ಹುಡುಗಿಯ ದನಿ. ಅದರ ಕೆಳಗೆ, ಸಾಲಿನ ಕೊನೆಯಲ್ಲಿ ತುಸು ಒಡೆಯುವ ನನ್ನ ಅವ್ವನ ದನಿ.

ನನ್ನ ಅವ್ವ ಪೆಂಟಮ್ಮ, ಕೊತ್ತಪಲ್ಲಿಯವಳು. ತೆಲಂಗಾಣ ರಾಜ್ಯವಾದ ಬೇಸಿಗೆಯಲ್ಲಿ ತಿರುಪತಿ ಅವಳನ್ನು ಕರೆಸಿ ಮೂರು ದಿನ ಕೂರಿಸಿ ಹನ್ನೊಂದು ಪದ ಹಾಡಿಸಿದ್ದ. ಆಮೇಲೆ ಮಷಿನ್ ಕೆಟ್ಟಿತು, ಒಂದೂ ಉಳಿಯಲಿಲ್ಲ ಎಂದ. ಅವ್ವ ಆಸೆ ಬಿಡಲಿಲ್ಲ. ರಿಪೇರಿಯಾದರೆ ಬಂದೀತು ಎಂದು ವಾರಕ್ಕೊಮ್ಮೆ ಫೋನು ಮಾಡಿ ನನ್ನನ್ನು ಕೇಳುತ್ತಿದ್ದಳು. ಮುಂದಿನ ಸಂಕ್ರಾಂತಿಗೆ ತೀರಿಕೊಂಡಳು. ಅದಾದ ಎರಡು ವರ್ಷಕ್ಕೆ ರಜಿತಾಳ ಹಾಡು ಬಂತು. ಅದನ್ನು ನಾನೇ ನನ್ನ ಕೈಯಾರೆ ನೂರಾರು ಜನಕ್ಕೆ ತುಂಬಿಕೊಟ್ಟಿದ್ದೆ. ಅದನ್ನು ನೆನೆದಾಗಲೇ ಸೇಡು ತೀರಿಸಬೇಕೆನಿಸಿದ್ದು.

ಆದರೆ ಕಿವಿಗೆ ಹಾಗೆ ಕೇಳಿತು ಎಂದರೆ ಯಾರು ಒಪ್ಪುತ್ತಾರೆ? ಮತ್ತೆ ಮೊದಲಿನಿಂದ ಕೇಳಿದೆ. ನಮ್ಮ ಕಡೆ ಬೀರಪ್ಪನ ಪದ ಎತ್ತಿಕೊಳ್ಳುವ ಮುಂಚೆ ಭಂಡಾರದ ಅರಿಶಿನವಿಡುವ ಹಿತ್ತಾಳೆ ಬಟ್ಟಲನ್ನು ಉಂಗುರದಿಂದ ಮೂರು ಸಲ ತಟ್ಟುತ್ತಾರೆ. ಮೊದಲನೆಯದು ಬೀರಪ್ಪನಿಗೆ, ಎರಡನೆಯದು ಮೈಲಾರನಿಗೆ, ಮೂರನೆಯದು ಮನೆಯಲ್ಲಿ ತೀರಿಹೋದ ಹಿರಿಯರಿಗೆ. ಹೆಚ್ಚಿನ ಮನೆಗಳಲ್ಲಿ ಆ ಹಿರಿಯರ ಹೆಸರನ್ನು ಮನಸ್ಸಿನಲ್ಲೇ ನೆನೆಯುತ್ತಾರೆ. ತಿರುಪತಿಯ ಮನೆಯಲ್ಲೂ ಹಾಗೆಯೇ. ನಮ್ಮ ಮನೆಯಲ್ಲಿ ಮಾತ್ರ ಪಕ್ಕದವರಿಗೂ ಕೇಳದಂತೆ ಉಸಿರಲ್ಲಿ ಹೇಳುವ ಪದ್ಧತಿ. ಅವ್ವನ ತಟ್ಟಿನ ಸದ್ದು ಚೆನ್ನಾಗಿದೆಯೆಂದು ತಿರುಪತಿ ಅದನ್ನು ಮಗಳ ಹಾಡಿನಲ್ಲೂ ಹಾಗೇ ಬಿಟ್ಟಿದ್ದ. ಅಲ್ಲೊಂದು ಮಾತಿರಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಆದರೆ ಮೈಕು ಅವ್ವನ ಬಾಯಿಯ ಹತ್ತಿರವೇ ಇತ್ತಲ್ಲ. ಮೂರನೆಯ ತಟ್ಟಿನ ಗುಂಗು ಆರುವ ಮೊದಲೇ, ಅಪ್ಪ ಬದುಕಿರುವಾಗ ಅವನ ಹೆಸರನ್ನು ಒಮ್ಮೆಯೂ ಬಾಯಿಗೆ ತರದ ಅವ್ವ ಮೆಲ್ಲಗೆ ‘ಶಿವಯ್ಯ’ ಎಂದಿದ್ದಳು.

ನಾನು ಗಲಾಟೆ ಮಾಡಲಿಲ್ಲ. ಒಂದು ತಿಂಗಳು ಎಂದಿನಂತೆ ಕಾರ್ಡು ಮಾರಿದೆ. ಜೂನಿನ ತೆಲಂಗಾಣ ರಾಜ್ಯೋತ್ಸವಕ್ಕೆ ನಾರಾಯಣಪೇಟೆಯಲ್ಲಿ ಯಾರ ಮೇಳ ಹಾಡಬೇಕು ಎಂದು ಗೊತ್ತು ಮಾಡುವವನು ನಮ್ಮ ಕುಲದ ಹಿರಿಯ ಕಿಷ್ಟಪ್ಪ. ರಜಿತಾಳಿಗೆ ಹಾಡಲು ಕರೆಯುವ ವೀಳ್ಯ ಕೊಡಲು ಗದ್ವಾಲಿಗೆ ಹೊರಟಿದ್ದಾನೆಂದು ತಿಳಿದು ನಾನೂ ಜೊತೆಗೆ ಹೋದೆ.

ತಿರುಪತಿ ಚಹಾ ತರಿಸಿದ. ನನ್ನ ಕೊರಳಲ್ಲಿ ಇಳಿಬಿದ್ದ ವೈರು ನೋಡಿ, ನಮ್ಮಕ್ಕ ಡಾಕ್ಟರಮ್ಮ ಆಗ್ಯಾಳ ಎಂದು ನಕ್ಕ. ನಾನೂ ನಕ್ಕೆ. ಮಾತಿನ ನಡುವೆ ಕೇಳಿದೆ:

“ತಿರುಪತಿ, ಈ ಪದದಾಗ ಮೂರನೇ ತಟ್ಟು ಯಾರ ಹೆಸರಿಗೆ?”

“ನಮ್ಮಪ್ಪನ ಹೆಸರಿಗಕ್ಕ. ರಜಿತಾನೇ ತಟ್ಯಾಳ.”

“ಭಂಡಾರ ಹಿಡದು ಹೇಳ್ತಿಯೇನ?”

ಕಿಷ್ಟಪ್ಪನ ಸೊಂಟದಲ್ಲಿ ಭಂಡಾರದ ಚೀಲ ಯಾವಾಗಲೂ ಇರುತ್ತದೆ. ಅದನ್ನು ಹಿಡಿದು ಹೇಳಿದರೆ ಬೀರಪ್ಪನ ಮೇಲೆ ಆಣೆ ಇಟ್ಟಂತೆ. ತಿರುಪತಿ ಅದಕ್ಕೆ ಕೈಹಾಕಿ ಒಂದು ಚಿಟಿಕೆ ಅರಿಶಿನ ಹಿಡಿದು, ಹೇಳಿದ್ದನ್ನೇ ಮತ್ತೆ ಹೇಳಿದ. ಅಷ್ಟೇ ನನಗೆ ಬೇಕಾಗಿದ್ದದ್ದು. ಕಿಷ್ಟಪ್ಪನ ಕಿವಿಯನ್ನು ಮೇಲಕ್ಕೆಳೆದು ರಬ್ಬರು ಕೂರಿಸಿ ಹಾಡು ಹಚ್ಚಿದೆ. ಮುದುಕ ಮೂರು ಸಲ ಕೇಳಿದ.

“ಶಿವಯ್ಯ ಅಂತಾಳ” ಎಂದು ನನ್ನ ಮುಖ ನೋಡಿದ. “ನಿಮ್ಮಪ್ಪ.”

ರಜಿತಾ ಕೈಚಾಚಿ ಇಸಿದುಕೊಂಡು ತಾನೂ ಕೇಳಿದಳು. ಪೂರ್ತಿ ಹಾಡು ಕೇಳಿದಳು. ಆಮೇಲೆ ತಂದೆಗೆ ಮೆಲ್ಲಗೆ ಹೇಳಿದಳು:

“ಮಷಿನ್ ನನ್ನ ದನಿ ದಪ್ಪ ಮಾಡೇತಿ ಅಂದಿದ್ರಿ, ಅಪ್ಪಾ.”

ಕಿಷ್ಟಪ್ಪ ವೀಳ್ಯದೆಲೆಯನ್ನು ವಾಪಸು ಚೀಲಕ್ಕೆ ಹಾಕಿಕೊಂಡ. ತಿರುಪತಿ ತಲೆ ಬಗ್ಗಿಸಿಕೊಂಡು, ಇನ್ನು ಮುಂದೆ ಪೆಂಟಮ್ಮತ್ತೆಯ ಹೆಸರನ್ನೇ ಹಾಕುತ್ತೇನೆ ಎಂದ. ಅಲ್ಲಿಗೆ ಏಳಬಹುದಿತ್ತು. ಆದರೆ ಅವನ ಮುಖ ಇನ್ನೂ ಸಣ್ಣದಾಗಬೇಕಿತ್ತು ನನಗೆ. ಈ ಹಾಡು ನಿನ್ನ ಮಷಿನ್ನಿನಲ್ಲಿ ಇರಬಾರದು, ನನ್ನ ಕಣ್ಣ ಮುಂದೆಯೇ ಅಳಿಸು ಎಂದೆ.

ಅವನು ಕಂಪ್ಯೂಟರಿನ ಮುಂದೆ ಕೂತು ಹೊರಳಿ ನೋಡಿದ. “ಈ ಪದಗಳದು ಇದ್ದಬಿದ್ದದ್ದು ಎಲ್ಲಾನೂ ತಗೀಲೇನಕ್ಕ?”

“ಎಲ್ಲಾನೂ. ಒಂದೂ ಬಿಡಬ್ಯಾಡ.”

ಅವನು ಇದ್ದದ್ದನ್ನೆಲ್ಲ ಗುರುತು ಮಾಡಿದ. ಆಮೇಲೆ ಅಳಿಸುವ ಗುಂಡಿ ಒತ್ತಿದ.

ನಾವು ಮೆಟ್ಟಿಲಿಳಿದು ರಸ್ತೆಗೆ ಬರುವಷ್ಟರಲ್ಲಿ ರಜಿತಾ ಹಿಂದೆಯೇ ಓಡಿ ಬಂದಳು. ಪೆಂಟಮ್ಮಜ್ಜಿ ಒಬ್ಬರೇ ಹಾಡಿದ ಹನ್ನೊಂದು ಪದಗಳೂ ಈಗ ಅಳಿಸಿದ್ದರಲ್ಲೇ ಬೇರೆಯಾಗಿ ಇದ್ದವಂತೆ, ಅಪ್ಪ ಈಗ ಹೇಳಿದ ಎಂದಳು. ಮತ್ತೆ ಮೇಲೆ ಹತ್ತಿದೆ. ತಿರುಪತಿ ಕುರ್ಚಿಯಿಂದ ಏಳಲಿಲ್ಲ.

“ನೀನೇ ಅಂದಿಯಲ್ಲಕ್ಕ” ಎಂದ. ಒಂದೂ ಉಳಿಯಲಿಲ್ಲ ಎಂಬ ಅವನ ಸುಳ್ಳು ಆ ಹೊತ್ತಿಗೆ ನಿಜವಾಗಿತ್ತು. ನಿಜ ಮಾಡಿದವಳು ನಾನು.

ತಿರುಪತಿಗೆ ರಾಜ್ಯೋತ್ಸವ ಸಿಗಲಿಲ್ಲ. ಮುಂದಿನ ವರ್ಷ ಸ್ಟುಡಿಯೋ ಮುಚ್ಚಿದ. ಈಗ ಶಾಂತಿನಗರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಾನೆ. ರಜಿತಾ ಹಾಡುವುದನ್ನು ಬಿಟ್ಟಳು. ಅವಳದೇನೂ ತಪ್ಪಿರಲಿಲ್ಲ, ಹಾಡುವುದೂ ಬರುತ್ತಿತ್ತು. ನನ್ನ ಅಂಗಡಿಯಿಂದ ಹೋಗುವ ಕಾರ್ಡಿನ ಮೇಲೆ ‘ಹಾಡಿದವರು: ಪೆಂಟಮ್ಮ, ಕೊತ್ತಪಲ್ಲಿ’ ಎಂದು ಇದೆ. ಅದರ ಕೆಳಗೆ ರಜಿತಾಳ ಹೆಸರನ್ನೂ ನಾನೇ ಸೇರಿಸಿದೆ. ಅವ್ವನ ಹೆಸರು ಸಿಕ್ಕಿತು. ಅವ್ವ ಒಬ್ಬಳೇ ಹಾಡಿದ ಹನ್ನೊಂದು ಪದಗಳು ಹೋದವು. ನನ್ನ ಕಾರ್ಡುಗಳಲ್ಲಿ ಎರಡು ದನಿ ಬೆರಕೆಯಾದ ಒಂದು ಹಾಡು ಉಳಿದಿದೆ, ಅದರ ಮೊದಲಲ್ಲಿ ಅಪ್ಪನ ಹೆಸರಿದೆ.