ಬೂದಿಯ ಬಲಗಾಲು

ಒಂಬತ್ತನೆಯ ಸಲವೂ ಬಲಗಾಲು ತಡವಾಗಿಯೇ ಬಿತ್ತು.

"ನಿಲ್ಸಿ, ನಿಲ್ಸಿ," ಎಂದ ನಿರ್ದೇಶಕ, ಗಾಜಿನ ಆಚೆಯಿಂದ. ವಯಸ್ಸು ಮೂವತ್ತೈದಿರಬಹುದು. ಬೇರೆಯವರು ಶುರುಮಾಡಿದ ದೊಡ್ಡ ಕೆಲಸ ಹೆಗಲಿಗೆ ಬಿದ್ದವರ ಹಾಗೆ ಮಾತುಮಾತಿಗೂ ಗಡಿಯಾರ ನೋಡುತ್ತಿದ್ದ. "ಅಮ್ಮಾ, ಪರದೆ ಕಾಣ್ತಾ ಇದೆ ತಾನೆ? ಇನ್ನೂರು ಜನ ಸೈನಿಕರು ಒಂದೇ ಸಮ ಕಾಲು ಹಾಕ್ತಿದಾರೆ. ಅವರ ಮಧ್ಯ ಬೂದಿ. ಅವನ ಹೆಜ್ಜೇನೂ ಅವರ ಜೊತೇಲೇ ಬೀಳ್ಬೇಕು."

"ಕಾಣ್ತಾ ಇದೆ ಸಾರ್."

"ಮತ್ತೆ?"

"ಅವನು ನಡೆಯೋದೇ ಹೀಗೆ."

ಅವಳು ಮರಳಿನ ತೊಟ್ಟಿಯ ನಡುವೆ ನಿಂತಿದ್ದಳು. ಕಾಲಲ್ಲಿ ಗಂಡಸರ ದಪ್ಪ ಬೂಟು, ಅದರೊಳಗೆ ತುರುಕಿದ ಚಿಂದಿ ಬಟ್ಟೆ. ಮೊಣಕಾಲಿನ ಎತ್ತರದಲ್ಲಿ ಎರಡು ಮೈಕುಗಳು ತಲೆಬಗ್ಗಿಸಿ ಅವಳ ಪಾದವನ್ನೇ ನೋಡುತ್ತಿದ್ದವು. ಸಿನಿಮಾ ತೆಗೆಯುವಾಗ ನಟರ ಹೆಜ್ಜೆಯ ಸದ್ದು ಸರಿಯಾಗಿ ಸಿಕ್ಕುವುದಿಲ್ಲ. ಆಮೇಲೆ ಹೀಗೆ ಮುಚ್ಚಿದ ಕೋಣೆಯಲ್ಲಿ ಯಾರಾದರೂ ಪರದೆ ನೋಡುತ್ತ ಅವರ ಬದಲಿಗೆ ನಡೆಯಬೇಕು. ಇಲ್ಲಿ ಹದಿನಾರು ವರ್ಷದಿಂದ ನಡೆಯುತ್ತಿದ್ದವಳು ಇವಳು. ರಾಣಿಯರಿಗೆ, ಕಳ್ಳರಿಗೆ, ಒಮ್ಮೆ ಒಂದು ಕುದುರೆಗೂ ನಡೆದಿದ್ದಳು. ಎಲ್ಲರ ಬಾಯಲ್ಲೂ ಅವಳು ಹೆಜ್ಜೆಯಕ್ಕ.

ಆದರೆ ಹೆಸರು ತಂದದ್ದು ಬೂದಿ. ಮುಂದೆಂದೋ ಬರುವ ಕಾಲದ, ಯಾವುದೋ ಕೆಂಪು ಗ್ರಹದ ಸೆರೆಮನೆಯನ್ನು ಸುಟ್ಟು ತಪ್ಪಿಸಿಕೊಂಡವನು. ಮುಖಕ್ಕೆ ಮುಸುಕು, ಇಡೀ ಸಿನಿಮಾಕ್ಕೆ ಹತ್ತೇ ಹತ್ತು ಮಾತು. ಜನರನ್ನು ಕಾಪಾಡುತ್ತಾನೆ, ಕಾಪಾಡಿ ಅವರದೇ ಹಡಗು ಕದ್ದು ಹೊರಟುಬಿಡುತ್ತಾನೆ. ಅಡ್ಡ ಬಂದವನು ಒಳ್ಳೆಯವನೋ ಕೆಟ್ಟವನೋ ಎಂದು ವಿಚಾರಿಸುವ ತಾಳ್ಮೆ ಅವನಿಗಿಲ್ಲ. ಮೂರು ಸಿನಿಮಾ ಆಗಿದ್ದವು. ಮೂರರಲ್ಲೂ ಅವನಿಗಿಂತ ಮೊದಲು ಬರುತ್ತಿದ್ದದ್ದು ಅವನ ಹೆಜ್ಜೆ. ಎಡಗಾಲು ಸಲೀಸಾಗಿ ಬೀಳುತ್ತಿತ್ತು. ಬಲಗಾಲಿನ ಹಿಮ್ಮಡಿ ಟಕ್ ಎಂದು ನೆಲ ಮುಟ್ಟುತ್ತಿತ್ತು. ಒಂದು ಉಸಿರು ಹೊತ್ತು ಏನೂ ಇಲ್ಲ. ಆಮೇಲೆ ದಡ್ ಎಂದು ಮೈಭಾರ. ಆ ಒಂದು ಉಸಿರಿನಲ್ಲಿ ಚಿತ್ರಮಂದಿರದಲ್ಲಿ ಕುರುಕಲು ತಿನ್ನುವ ಬಾಯಿಗಳೂ ನಿಂತುಹೋಗುತ್ತಿದ್ದವು. ಕೊಲ್ಲಲೋ ಬೇಡವೋ ಎಂದು ಅವನು ಯೋಚಿಸುತ್ತಿದ್ದಾನೆ ಎಂದು ಜನ ತಿಳಿದಿದ್ದರು.

ಅವನು ಏನೂ ಯೋಚಿಸುತ್ತಿರಲಿಲ್ಲ. ಅದು ಹೆಜ್ಜೆಯಕ್ಕನ ಸೊಂಟ. ಚಿಕ್ಕ ವಯಸ್ಸಿನಲ್ಲಿ ಮೆಟ್ಟಿಲಿನಿಂದ ಉರುಳಿಬಿದ್ದಾಗ ಮುರಿದ ಮೂಳೆಯನ್ನು ಯಾರೋ ಅವಸರದಲ್ಲಿ ಕೂಡಿಸಿದ್ದರು, ಅದು ಸೊಟ್ಟಗೆ ಕೂಡಿಕೊಂಡಿತ್ತು. ಹದಿನಾರು ವರ್ಷದ ಹಿಂದೆ ಅವಳು ಇದೇ ಸ್ಟುಡಿಯೋದಲ್ಲಿ ಚಹಾ ಕೊಡುವವಳು. ಮೊದಲ ಸಿನಿಮಾದ ನಿರ್ದೇಶಕ, ಈಗಿಲ್ಲದ ಹಿರಿಯ, ನಾಲ್ಕು ದಿನ ನಾಲ್ಕು ಜನರನ್ನು ನಡೆಸಿ ಬೇಸತ್ತು ಕೂತಿದ್ದಾಗ ಹೊರಗಿನ ಓಣಿಯಲ್ಲಿ ಅವಳು ತಟ್ಟೆ ಹಿಡಿದು ಬರುತ್ತಿದ್ದದ್ದು ಕೇಳಿಸಿತು. "ಯಾರದು ಬರ್ತಿರೋದು?" ಎಂದು ಅವನು ಎದ್ದು ನಿಂತನಂತೆ. ಬಾಗಿಲು ತೆರೆದಾಗ ಕಂಡದ್ದು ಆರು ಲೋಟ ಚಹಾ ಮತ್ತು ಗಾಬರಿಯಾದ ಒಂದು ಹೆಂಗಸು.

"ಅಮ್ಮಾ, ನಿಮಗೆ ಕಥೆ ಹೇಳಿಲ್ವಾ?" ಹೊಸ ನಿರ್ದೇಶಕ ಗಾಜಿನ ಬಾಗಿಲು ತಳ್ಳಿ ಒಳಗೇ ಬಂದ. "ಇದು ನಾಲ್ಕನೇದು, ಕೊನೇದು. ಸರ್ಕಾರ ಬೂದಿನ ಕ್ಷಮಿಸುತ್ತೆ. ಸಮವಸ್ತ್ರ ಕೊಡುತ್ತೆ. ಅವನು ದಾರಿಗೆ ಬಂದ. ಈಗ ಅವನು ಎಲ್ಲರ ಹಾಗೆ."

"ಕ್ಷಮಿಸಿ ಅಂತ ಅವನು ಕೇಳಿದ್ನಾ ಸಾರ್?"

"ಏನು?"

"ಮೂರು ಸಿನಿಮಾ ನಡೆದಿದೀನಿ, ಒಂದು ಸಲಾನೂ ಯಾರ ಮುಂದೂ ಕೇಳಿದ್ದು ನಾನು ಕಾಣೆ. ಅದಕ್ಕೆ ಕೇಳ್ದೆ."

ನಿರ್ದೇಶಕ ಅವಳನ್ನು ನೋಡಿದ, ಆಮೇಲೆ ಗಾಜಿನಾಚೆ ಕೂತಿದ್ದ ಧ್ವನಿಮುದ್ರಕನನ್ನು ನೋಡಿದ. ಅವನಿಗೆ ಕಿವಿ ಎಂದು ಅಡ್ಡಹೆಸರು. ಪಕ್ಕದ ಕೋಣೆಯ ಸೊಳ್ಳೆ ಗಂಡೋ ಹೆಣ್ಣೋ ಹೇಳುತ್ತಾನೆ ಎಂದು ಸ್ಟುಡಿಯೋದಲ್ಲಿ ತಮಾಷೆ ಮಾಡುತ್ತಿದ್ದರು. ಈಗ ಆ ಕಿವಿ ಏನೂ ಕೇಳಿಸದವನ ಹಾಗೆ ಯಾವುದೋ ತಂತಿ ಸುತ್ತುತ್ತಿದ್ದ.

"ಆಯ್ತು," ಎಂದ ನಿರ್ದೇಶಕ, ಕಿವಿಯ ಕಡೆಗೇ ತಿರುಗಿ. "ನನಗೆ ಜಗಳಕ್ಕೆ ಹೊತ್ತಿಲ್ಲ. ಶುಕ್ರವಾರ ಬಿಡುಗಡೆ. ಅಮ್ಮ ಹೇಗೆ ಬೇಕೋ ಹಾಗೆ ನಡೀಲಿ. ನೀನು ಕಂಪ್ಯೂಟರಲ್ಲಿ ಆ ಬಲಗಾಲನ್ನ ಎಳೆದು ಜಾಗಕ್ಕೆ ಕೂರಿಸು. ಸೈನಿಕರಿಗೂ ಅಷ್ಟೆ. ಬೇರೆ ಯಾರೂ ಸಿಗ್ತಿಲ್ಲ, ಅಮ್ಮನ ಕೈಲೇ ಇಪ್ಪತ್ತು ಸಲ ನಡೆಸಿ ಒಂದರ ಮೇಲೊಂದು ಹಾಕು, ಎಲ್ಲಾನೂ ನೆಟ್ಟಗೆ ಮಾಡು. ಸಂಗೀತದವರ ಹತ್ರ ಹೋಗಿ ನಾಲ್ಕಕ್ಕೆ ಬರ್ತೀನಿ. ಬೂದಿ ಸಾಲಲ್ಲಿ ಇರ್ಬೇಕು. ಇಲ್ದಿದ್ರೆ ನಾಳೆಯಿಂದ ಈ ಕೋಣೇಲಿ ಬೇರೆಯವರು ಇರ್ತಾರೆ."

ಅವನು ಹೋದ ಮೇಲೆ ಕೋಣೆಯಲ್ಲಿ ಯಂತ್ರಗಳ ಗುಂಯ್ ಒಂದೇ ಉಳಿಯಿತು. ಹೆಜ್ಜೆಯಕ್ಕ ತೊಟ್ಟಿಯಿಂದ ಇಳಿದು ಗಾಜಿನಾಚೆ ಹೋಗಿ ಕಿವಿಯ ಪಕ್ಕ ಕೂತಳು.

"ನೆಟ್ಟಗೆ ಮಾಡೋದು ಅಂದ್ರೆ ಹೇಗಪ್ಪ? ತೋರ್ಸು."

"ಬೇಡ ಅಕ್ಕ."

"ತೋರ್ಸೋ. ನನ್ನ ಕಾಲು ತಾನೆ."

ಅವನು ಒಂದು ಗುಂಡಿ ಒತ್ತಿದ. ಅಷ್ಟೆ. ವೈದ್ಯರು, ಎಣ್ಣೆ ಉಜ್ಜುವವರು, ಪಟ್ಟಿ ಕಟ್ಟುವವರು ಮೂವತ್ತು ವರ್ಷ ಹೆಣಗಿ ಆಗದ್ದು ಒಂದು ಗುಂಡಿಯಲ್ಲಿ ಆಯಿತು. ಟಪ್ ಟಪ್ ಟಪ್ ಟಪ್. ಅವಳು ತಲೆ ವಾಲಿಸಿ ಕೇಳಿದಳು. ಹೀಗೆ ನಡೆಯಲು ಬಂದಿದ್ದರೆ ಎಂದು ಒಂದು ಕಾಲದಲ್ಲಿ ಹಾಸಿಗೆಯಲ್ಲಿ ಮಲಗಿ ಎಷ್ಟು ಹಂಬಲಿಸಿದ್ದಳು. ಈಗ ಕೇಳಿದರೆ ಅದು ತನ್ನದು ಅನ್ನಿಸಲಿಲ್ಲ.

"ಇವನ್ಯಾರು?"

"ಬೂದಿ."

"ಅಲ್ಲ. ಇವನು ಯಾವುದೋ ಕಚೇರಿ ಬಾಗಿಲು ಕಾಯೋನು. ಸಂಜೆ ಆರಕ್ಕೆ ಮನೆಗೆ ಹೋಗ್ತಾನೆ."

ಕಿವಿ ನಕ್ಕ, ನಗಬಾರದಿತ್ತು ಎಂಬಂತೆ ಬಾಯಿ ಒರೆಸಿಕೊಂಡ. "ಏನು ಮಾಡೋದು ಅಕ್ಕ. ಬೂದಿ ಒಬ್ಬನೇ ತಡವಾಗಿ ಕಾಲು ಹಾಕಿದ್ರೆ ಸಾಲಲ್ಲಿ ಇಲ್ಲ ಅಂತಾರೆ. ಅವರು ಹೇಳೋದೂ ಸುಳ್ಳಲ್ಲ."

ಅವಳು ಊಟದ ಡಬ್ಬಿ ಬಿಚ್ಚಿದಳು. ಎರಡು ತುತ್ತು ತಿನ್ನುವಷ್ಟರಲ್ಲಿ ತಂಗಿಯ ಫೋನು. ಅಕ್ಕತಂಗಿಯರದು ಒಂದೇ ಮನೆ. ತಂಗಿಯ ಮಗ, ಸೊಸೆ, ಹದಿನಾಲ್ಕು ತಿಂಗಳ ಮೊಮ್ಮಗಳು ಎಲ್ಲರೂ ಅದೇ ಮೂರು ಕೋಣೆಗಳಲ್ಲಿ. ಮೊಮ್ಮಗಳು ನಡೆಯಲು ಕಲಿತು ಎರಡು ತಿಂಗಳಾಗಿತ್ತು, ಬಲಗಾಲು ಎಳೆಯುತ್ತಾಳೆ ಎಂದು ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದೊಯ್ದಿದ್ದರು.

"ಏನಂದ್ರೇ ಡಾಕ್ಟ್ರು?" ಹೆಜ್ಜೆಯಕ್ಕ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು.

"ಏನಂತಾರೆ! ಕಾಲು ಎಳೆದ್ರು, ಮಡಚಿದ್ರು, ಮೂಳೆ ಫೋಟೋ ತೆಗೆದ್ರು. ಎಲ್ಲ ಗುಂಡುಕಲ್ಲಿನ ಹಾಗಿದೆ ಅಂದ್ರು. ಆಮೇಲೆ ಕೇಳ್ತಾರೆ, ಮನೇಲಿ ಹೀಗೆ ನಡೆಯೋರು ಯಾರಾದ್ರೂ ಇದಾರಾ ಅಂತ."

"ನೀನೇನಂದೆ?"

"ಏನಂತೀನಿ, ಇದಾಳೆ ನಮ್ಮಕ್ಕ, ಮಗು ಅವಳ ಬೆನ್ನು ಬಿಡಲ್ಲ ಅಂದೆ. ಆ ಮನುಷ್ಯ ಬಿದ್ದುಬಿದ್ದು ನಕ್ಕ. ಮಗು ನೋಡಿ ಕಲ್ತಿದೆ, ಕಾಯಿಲೆ ಅಲ್ಲಮ್ಮ, ನಡಿಗೆ ಅಂದ್ರೆ ಹೀಗೇ ಅಂದ್ಕೊಂಡಿದೆ ಅಂದ." ತಂಗಿ ಉಸಿರು ತೆಗೆದುಕೊಂಡಳು. "ಹೆಣ್ಣುಕೂಸು ಆ ನಿನ್ನ ಕೊಲೆಗಾರನ ಥರ ನಡೀತಿದೆ ಕಣೇ! ಮನೇಲಾದ್ರೂ ಸ್ವಲ್ಪ ನೆಟ್ಟಗೆ ನಡಿ."

"ನಂಗೆ ಬರಲ್ಲ."

"ಹಾಗಾದ್ರೆ ಕೂತ್ಕೋ!"

"ಕೂತ್ರೆ ನನ್ನ ಹಾಗೇ ಕೂತ್ಕೊಳ್ಳುತ್ತೆ. ಆಗೇನು ಮಾಡ್ತಿ?"

ತಂಗಿ ಏನೋ ಬೈಯುತ್ತ ಫೋನಿಟ್ಟಳು. ಹೆಜ್ಜೆಯಕ್ಕ ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದುಕೊಂಡು ಪರದೆಯ ಕಡೆ ತಿರುಗಿದಳು. ನಿಂತುಹೋದ ಪರದೆಯ ಮೇಲೆ ಇನ್ನೂರು ಸೈನಿಕರು ಎತ್ತಿದ ಕಾಲು ಇಳಿಸದೆ ಕಾಯುತ್ತಿದ್ದರು.

"ಏ ಕಿವಿ. ಈ ಇನ್ನೂರು ಜನಕ್ಕೂ ನಡೆಯೋಳು ನಾನೇ ತಾನೆ?"

"ಹೂಂ. ಇಪ್ಪತ್ತು ಸಲ."

"ಹಾಗಾದ್ರೆ ಯಾರನ್ನೂ ನೆಟ್ಟಗೆ ಮಾಡ್ಬೇಡ."

ಅವನಿಗೆ ಮೊದಲು ಹೊಳೆಯಲಿಲ್ಲ. ಹೊಳೆದಾಗ ಕುರ್ಚಿಯಲ್ಲಿ ಹಿಂದಕ್ಕೆ ಸರಿದ. "ಅಕ್ಕಾ. ನನ್ನ ಹೊರಗೆ ಹಾಕ್ತಾರೆ."

"ಇಬ್ಬರನ್ನೂ ಹಾಕ್ತಾರೆ. ಚಹಾ ಮಾಡೋದು ನನಗೇನು ಮರೆತಿಲ್ಲ. ನೀನು ಲೋಟ ತೊಳಿ."

"ತಮಾಷೆ ಅಲ್ಲ ಅಕ್ಕ. ನನಗಿನ್ನೂ ನಲವತ್ತಾಗಿಲ್ಲ."

"ಗೊತ್ತಪ್ಪ." ಅವಳ ದನಿ ತಗ್ಗಿತು. "ಅವರು ಹೇಳಿದ್ದೇನು? ಸಾಲಲ್ಲಿರ್ಬೇಕು ಅಂತ. ಇರ್ತಾನೆ. ಎಲ್ಲರ ಹಾಗಿರ್ಬೇಕು ಅಂತ. ಅದೂ ಇರ್ತಾನೆ. ಅದಕ್ಕಿಂತ ಹೆಚ್ಚು ಅವರೇನು ಹೇಳಿದ್ರು? ಆ ಗುಂಡಿ ನಿನ್ನದು. ಒತ್ತಬೇಕು ಅನ್ಸಿದ್ರೆ ಒತ್ತು, ನಾನು ಬೇಜಾರು ಮಾಡ್ಕೊಳ್ಳಲ್ಲ. ನಡೆಯೋದು ಮಾತ್ರ ನಾನು ನಡೆಯೋ ಹಾಗೇ."

ಬೀರುವಿನಲ್ಲಿದ್ದ ಪಾದರಕ್ಷೆಗಳನ್ನೆಲ್ಲ ಅವಳು ಹೊರಗೆ ಸುರಿದಳು. ಒಂದೇ ಬೂಟಿನಲ್ಲಿ ನಡೆದರೆ ಇಪ್ಪತ್ತೂ ಒಬ್ಬನದೇ ಎಂದು ಗೊತ್ತಾಗುತ್ತದೆ. ಸಲಕ್ಕೊಂದು ಜೋಡಿ ಬದಲಿಸಿದಳು: ಮೊಳೆ ಹೊಡೆದದ್ದು, ರಬ್ಬರಿನದು, ಅಟ್ಟೆ ಸವೆದದ್ದು, ಹಿಮ್ಮಡಿ ಕಿತ್ತದ್ದು. ಏಳನೆಯ ಸಲಕ್ಕೆ ಸೊಂಟ ಮಾತಾಡತೊಡಗಿತು. ಹನ್ನೊಂದಕ್ಕೆ ಕೂಗತೊಡಗಿತು. ಕಿವಿ ಗಾಜಿನಾಚೆಯಿಂದ ಕೈಸನ್ನೆ ಮಾಡಿದ, ಸಾಕು ಅಕ್ಕ, ಇದ್ದುದನ್ನೇ ಎರಡು ಸಲ ಹಾಕಿಕೊಳ್ಳುತ್ತೇನೆ ಎಂದು. ಅವಳು ಬೇಡ ಎಂದು ತಲೆಯಾಡಿಸಿದಳು. ಇಪ್ಪತ್ತು ಎಂದರೆ ಇಪ್ಪತ್ತು. ಹದಿನೈದರ ನಂತರ ಬಲಗಾಲಿನ ಭಾರ ಇನ್ನಷ್ಟು ತಡವಾಗಿ ಇಳಿಯತೊಡಗಿತು. ಕಿವಿ ಕಣ್ಣುಮುಚ್ಚಿ ಕೇಳುತ್ತಿದ್ದ. ಅವನ ಎರಡೂ ಕೈ ಮಡಿಲಲ್ಲಿದ್ದವು.

ನಿರ್ದೇಶಕ ನಾಲ್ಕು ಗಂಟೆಗೆ ಸರಿಯಾಗಿ ಬಂದ, ನಿಂತುಕೊಂಡೇ "ಹಾಕು" ಎಂದ.

ಕೆಂಪು ಮರಳಿನ ಬಯಲು. ಸಮವಸ್ತ್ರದ ಸಾಲು. ಮೊದಲು ಇನ್ನೂರು ಹಿಮ್ಮಡಿಗಳು ಒಂದೇ ಏಟಿಗೆ ನೆಲ ಮುಟ್ಟಿದವು. ಆಮೇಲೆ ಏನೂ ಇಲ್ಲ. ಒಂದು ಉಸಿರು ಹೊತ್ತು ಇಡೀ ಸೈನ್ಯ ತಡೆದು ನಿಂತಿತು. ಆಮೇಲೆ ಇನ್ನೂರು ಜನರ ಭಾರ ಒಟ್ಟಿಗೆ ಇಳಿಯಿತು.

ನಿರ್ದೇಶಕ ಕುರ್ಚಿಗೆ ಕೈ ಚಾಚಿದ, ಸಿಕ್ಕ ಕುರ್ಚಿಯಲ್ಲಿ ಕೂತ.

ಸಾಲು ಪರದೆಯ ಅಂಚಿಗೆ ಬಂತು, ನಿಂತಿತು. ಕಿವಿ ಗುಂಡಿಯ ಹತ್ತಿರ ಬೆರಳು ತಂದ. "ನೆಟ್ಟಗೆ ಮಾಡ್ಲಾ ಸಾರ್? ಒಂದೇ ಗುಂಡಿ."

"ಸುಮ್ನಿರು." ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಕೇಳಿದ: "ಇದರಲ್ಲಿ ಬೂದಿ ಯಾವನು?"

"ಅದನ್ನ ಆ ಸೈನಿಕರನ್ನೇ ಕೇಳ್ಬೇಕು ಸಾರ್," ಎಂದಳು ಹೆಜ್ಜೆಯಕ್ಕ.

ಅವನು ಗಡಿಯಾರ ನೋಡಲಿಲ್ಲ. "ಇನ್ನೊಂದ್ಸಲ ಹಾಕು," ಎಂದ, ಮೆಲ್ಲಗೆ.

ಬೂಟುಗಳಿಗೆ ಅಂಟಿ ಬಂದ ಮರಳು ಗಾಜಿನ ಬಾಗಿಲು ದಾಟಿ ಇತ್ತಕಡೆಗೂ ಹರಡಿತ್ತು. ಹೆಜ್ಜೆಯಕ್ಕ ಮೂಲೆಯಿಂದ ಪೊರಕೆ ತಂದಳು, ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಗೋಡೆಯ ಬದಿಯಿಂದ ಗುಡಿಸುತ್ತ ಬಂದಳು. ಕುರ್ಚಿಯ ಹತ್ತಿರ ಬಂದಾಗ "ಕಾಲೆತ್ತಿ ಸಾರ್" ಎಂದಳು.

ಅವನು ಎರಡೂ ಕಾಲು ಎತ್ತಿದ. ಅವಳು ಅಡಿಯಲ್ಲಿ ಗುಡಿಸಿ ಮುಂದಕ್ಕೆ ಹೋದಳು. ಪರದೆಯ ಮೇಲೆ ಸೈನ್ಯ ಹತ್ತಿರ ಹತ್ತಿರ ಬರುತ್ತಿತ್ತು, ಅವನ ಕಾಲುಗಳು ಇನ್ನೂ ನೆಲಕ್ಕಿಳಿಯದೆ ನಿಂತಿದ್ದವು, ಒಂದು ಗೇಣು ಎತ್ತರದಲ್ಲಿ.