ಟೈಲರ್ ನರಸಿಂಹಯ್ಯನವರ ಅಯಸ್ಕಾಂತ

ನಮ್ಮ ಮಾವಳ್ಳಿಯ ಟೈಲರ್ ನರಸಿಂಹಯ್ಯನವರಿಗೆ ಒಂದು ಅಭ್ಯಾಸವಿದೆ. ಮಕ್ಕಳ ಬಟ್ಟೆ ಹೊಲಿದರೆ, ಕೊಡುವ ಮುಂಚೆ ಅದರ ಮೇಲೆಲ್ಲ ಒಂದು ಅಯಸ್ಕಾಂತ ಆಡಿಸುತ್ತಾರೆ. ಎಲ್ಲಾದರೂ ಗುಂಡುಪಿನ್ನು ಉಳಿದು ಮಗುವಿಗೆ ಚುಚ್ಚೀತು ಎಂಬ ಭಯ.

ಎರಡು ವರ್ಷದ ಹಿಂದೆ, 2007ರಲ್ಲಿ, ಅವರಿಗೆ ಇನ್ನೂ ದೊಡ್ಡ ಭಯ ಹತ್ತಿತ್ತು. ತಾಯಿಯಿಲ್ಲದ ಒಬ್ಬಳೇ ಮಗಳು, ಒಂಬತ್ತು ವರ್ಷದ ಲಾಸ್ಯಾಳಿಗೆ ರಕ್ತದ ಕ್ಯಾನ್ಸರ್ ಮರುಕಳಿಸಿತ್ತು. ರಕ್ತ ಹುಟ್ಟಿಸುವ ಆಕರಕೋಶಗಳನ್ನು ಬೇರೆಯವರಿಂದ ಪಡೆದು ಹಾಕಬೇಕು ಎಂದಿದ್ದರು ಡಾಕ್ಟರು. ಪೂರ್ತಿ ಹೊಂದುವವರು ಯಾರೂ ಸಿಗಲಿಲ್ಲ. ಅಪ್ಪನದು ಅರ್ಧ ಹೊಂದುತ್ತಿತ್ತು. ಅಪ್ಪನೇ ಒಪ್ಪಿರಲಿಲ್ಲ.

ನಾನು ರವಿಕೆ ಬಟ್ಟೆ ಕೊಡಲು ಹೋದ ದಿನ, ಪಕ್ಕದ ಬೀದಿಯ ತನ್ಮಯಿ ಅಂಗಡಿಯಲ್ಲಿದ್ದಳು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ.

"ಬೆನ್ನುಮೂಳೆ ಕೊರೀತಾರೆ ಅಂತ ಹೆದರಿಕೆನಾ ಅಂಕಲ್?"

"ಬೇಕಾದ್ರೆ ನನ್ನ ಮೂಳೆ ಪುಡಿ ಮಾಡ್ಲಿ ಕಣಮ್ಮ. ಪೂರ್ತಿ ಹೊಂದಲ್ವಂತೆ. ನನ್ನ ರಕ್ತವೇ ಮಗು ಮೇಲೆ ತಿರುಗಿಬೀಳಬಹುದಂತೆ. ಅಪ್ಪ ಆಗಿ ನಾನೇ..."

ತನ್ಮಯಿ ಮೇಜಿನ ಮೇಲಿದ್ದ ಅಯಸ್ಕಾಂತ ಎತ್ತಿಕೊಂಡಳು.

"ತಿರುಗಿಬೀಳೋದು ನಿಮ್ಮ ರಕ್ತದಲ್ಲಿರೋ ಕಾವಲಿನ ಕೋಶಗಳು. ಲಾಸ್ಯಾಗೆ ಬೇಕಿರೋದು ಅವಲ್ಲ, ಆಕರಕೋಶ. ನಿಮಗೆ ನಾಲ್ಕೈದು ದಿನ ಇಂಜೆಕ್ಷನ್ ಕೊಟ್ರೆ ಅವು ಮೂಳೆಯೊಳಗಿಂದ ರಕ್ತಕ್ಕೆ ಬರ್ತವೆ. ತೋಳಿಂದ ತೆಗೆದ ರಕ್ತದಲ್ಲಿ ಮೆಷಿನ್ ಅವನ್ನ ಇಟ್ಕೊಂಡು, ಉಳಿದಿದ್ದು ನಿಮಗೇ ವಾಪಸ್ ಕೊಡುತ್ತೆ. ಇಟ್ಕೊಂಡಿದ್ರಲ್ಲಿ ಕಾವಲಿನವೂ ಬೆರೆತಿರ್ತವೆ. ಅದಕ್ಕೇ ಲ್ಯಾಬಲ್ಲಿ, ಆಕರಕೋಶಕ್ಕೆ ಮಾತ್ರ ಅಂಟೋ ಥರ, ಕಣ್ಣಿಗೆ ಕಾಣದ ಕಬ್ಬಿಣದ ಕಣ ಸೇರಿಸ್ತೀವಿ. ಮ್ಯಾಗ್ನೆಟ್ ಪಕ್ಕ ಹರಿಸಿದ್ರೆ ಅವು ನಿಲ್ತವೆ. ಕಾವಲಿನವು ಹೆಚ್ಚು ಕಮ್ಮಿ ಎಲ್ಲಾ ಹರಿದು ಹೋಗ್ತವೆ."

"ಪಿನ್ನು ಹಿಡಿದ ಹಾಗಾ?"

"ನೀವು ಬೇಡದ್ದನ್ನ ಹಿಡೀತೀರಿ, ನಾವು ಬೇಕಾದ್ದನ್ನ."

"ಒಂದೆರಡು ಉಳ್ಕೊಂಡ್ರೆ?"

"ಉಳೀಬಹುದು, ಸುಳ್ಳು ಹೇಳಲ್ಲ. ಎಷ್ಟು ಉಳಿದಿದೆ ಅಂತ ಪರೀಕ್ಷೆ ಮಾಡೇ ಕಳಿಸ್ತೀವಿ. ಸೋಂಕಿನ ಭಯಾನೂ ಇದೆ, ಅದಕ್ಕೇ ಅವಳನ್ನ ವಾರಗಟ್ಟಲೆ ಬೇರೆ ರೂಮಲ್ಲಿ ಇಡ್ತಾರೆ. ಡಾಕ್ಟರನ್ನ ಎಲ್ಲಾ ಕೇಳಿ. ಕೇಳದೇ ಬೇಡ ಅನ್ಬೇಡಿ."

ನರಸಿಂಹಯ್ಯನವರು ಟೇಪನ್ನು ಬೆರಳಿಗೆ ಸುತ್ತುತ್ತ ಕೂತರು.

"ಆ ರೂಮಲ್ಲಿ ನಮ್ಮ ಬಟ್ಟೆ ಹಾಕ್ಬಹುದಾ?"

"ಅವರು ಹೇಳಿದ ಹಾಗೆ ಶುದ್ಧ ಮಾಡಿದ್ರೆ ಆಗುತ್ತೆ. ಎದೆ ಹತ್ರ ಔಷಧಿ ಹಾಕೋ ನಳಿಕೆ ಇರುತ್ತೆ, ಮುಂದೆ ಬಿಚ್ಚೋ ಹಾಗೆ ಹೊಲೀರಿ."

ಅವರು ನನ್ನ ಕಡೆ ನೋಡಿ, "ನಿಮ್ಮ ರವಿಕೆ ತಡ ಆಗುತ್ತಮ್ಮ" ಎಂದರು. ಆಗಲಿ ಎಂದೆ. ಹಳದಿ ಕಾಟನ್ ಬಟ್ಟೆ ಹರಡಿದರು. ಮರುದಿನ ಡಾಕ್ಟರನ್ನು ಕಾಣಲು ಹೊರಡುವ ಮುಂಚೆ, ಆ ಅಂಗಿಯ ಮೇಲೆ ಎರಡು ಸಲ ಅಯಸ್ಕಾಂತ ಆಡಿಸಿದರು.

ಅಪ್ಪನ ಆಕರಕೋಶ ಹಾಕಿಸಿಕೊಂಡು ಮನೆಗೆ ಬಂದ ಲಾಸ್ಯಾಳಿಗೆ ಆ ಅಂಗಿ ಈಗ ಚಿಕ್ಕದಾಗಿದೆ.

ಓದುತ್ತಿರುವ ಅಪ್ಪ ಅಮ್ಮಂದಿರೇ, ಅರ್ಧ ಹೊಂದಿಕೆ ಎಂಬ ಒಂದೇ ಮಾತಿಗೆ ಆಸೆ ಬಿಡಬೇಡಿ. ನಿಮ್ಮ ಭಯವನ್ನು ಇದ್ದ ಹಾಗೆಯೇ ಡಾಕ್ಟರ ಮುಂದೆ ಹೇಳಿ. ಅರ್ಥವಾಗದಿದ್ದರೆ ಎರಡು ಸಲ ಕೇಳಿ.